ಎಳೆಯರ ಕೈಯಲ್ಲಿ ಕೋಟೆಯ ಬಾಗಿಲು

ಮುನ್ನುಗ್ಗುವ ಕೆಲಸವನ್ನು ತರುಣರಿಗೆ ಒಪ್ಪಿಸಬಹುದು, ಕಾಯುವ ಕೆಲಸವನ್ನು ಮಾತ್ರ ಒಪ್ಪಿಸಲಾಗದು ಎಂಬ ಮಾತು ಲೋಕದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬೊಕ್ಕಸದ ಬೀಗದ ಕೈ, ಫಸಲಿಗೆ ಬಂದ ತೋಟದ ಕಾವಲು, ಮನೆಯ ಹೆಬ್ಬಾಗಿಲು, ಇವು ಯಾವುವೂ ಮೀಸೆ ಮೂಡದವನ ಪಾಲಿಗೆ ಬರುವುದಿಲ್ಲ. ಕಾಲ್ಚೆಂಡಾಟದ ಬಯಲಿನಲ್ಲಿಯೂ ಇದೇ ನ್ಯಾಯ. ಹದಿನೆಂಟರ ಹುಡುಗನು ಮುಂದಿನ ಸಾಲಿನಲ್ಲಿ ನಿಂತು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಊರೆಲ್ಲ ಅವನನ್ನು ಹೆಗಲ ಮೇಲೆ ಹೊರುತ್ತದೆ. ಅದೇ ವಯಸ್ಸಿನ ಹುಡುಗನು ಹಿಂದಿನ ಸಾಲಿನಲ್ಲಿ ನಿಂತು ಹತ್ತು ಸಲ ಚೆಂಡನ್ನು ತಡೆದು ಹನ್ನೊಂದನೆಯ ಸಲ ಕಾಲು ಜಾರಿದರೆ, ಆ ಒಂದು ಜಾರಿಕೆಯೇ ಅವನ ಬಿರುದಾಗಿ ಉಳಿಯುತ್ತದೆ.

ಲೀಗು ಪಂದ್ಯಗಳು ನಡೆಯುತ್ತಿರುವಷ್ಟು ಕಾಲ ಈ ಅಂಜಿಕೆ ಅಷ್ಟಾಗಿ ಬಾಧಿಸುವುದಿಲ್ಲ. ಇಂದಿನ ತಪ್ಪನ್ನು ಮುಂದಿನ ವಾರ ತಿದ್ದಿಕೊಳ್ಳಬಹುದು. ಕಳೆದುಕೊಂಡ ಅಂಕಗಳನ್ನು ಬೇರೊಂದು ಊರಿನಲ್ಲಿ ಗಳಿಸಿಕೊಳ್ಳಬಹುದು. ಆದರೆ ಲೀಗು ಮುಗಿದು ಪ್ಲೇ-ಆಫ್ ಎಂಬ ಸೋತವರು ಮನೆಗೆ ಹೋಗತಕ್ಕ ಪಂದ್ಯಗಳು ಬಂದೊಡನೆ ಲೆಕ್ಕವೇ ಬೇರೆಯಾಗುತ್ತದೆ. 2024-25ರ ಇಂಡಿಯನ್ ಸೂಪರ್ ಲೀಗಿನಲ್ಲಿ ಮೂರನೆಯ ಸ್ಥಾನ ಪಡೆದ ಬೆಂಗಳೂರು ಎಫ್.ಸಿ. ತಂಡವು 2025ರ ಮಾರ್ಚ್ 29ರಂದು ಕಂಠೀರವ ಕ್ರೀಡಾಂಗಣದಲ್ಲಿ ಮುಂಬಯಿ ಸಿಟಿ ತಂಡವನ್ನು 5-0ರಿಂದ ಸೋಲಿಸಿ ಮೆರೆಯಿತು. ಎರಡು ವಾರ ಕಳೆಯುವುದರೊಳಗಾಗಿ, ಏಪ್ರಿಲ್ 12ರಂದು, ಕಲ್ಕತ್ತೆಯ ಫೈನಲಿನಲ್ಲಿ ಮೊದಲು ಮುಂದಿದ್ದೂ ಅಧಿಕ ವೇಳೆಯಲ್ಲಿ ಮೋಹನ್ ಬಾಗಾನಿಗೆ 2-1ರಿಂದ ಸೋತಿತು. ಇಡೀ ವರ್ಷದ ದುಡಿಮೆಯು ಒಂದು ಸಂಜೆಯ ಕೆಲವು ನಿಮಿಷಗಳ ಮೇಲೆ ನಿಲ್ಲುವಾಗ, ಅಂಥ ಸಂಜೆಯಲ್ಲಿ ಎಳೆಯ ಬ್ಯಾಕುಗಳನ್ನು ಇಳಿಸುವ ಧೈರ್ಯ ಯಾವ ತರಬೇತುಗಾರನಿಗೆ ಬಂದೀತು? ಎಳೆಯ ರಕ್ಷಣೆಯನ್ನು ನೆಚ್ಚಿಕೊಂಡ ತಂಡಕ್ಕೆ ಇಂಥ ಪಂದ್ಯಗಳಲ್ಲಿ ಗೆಲ್ಲುವ ಸಂಭವವೆಷ್ಟು?

ಈ ಪ್ರಶ್ನೆಯನ್ನು ನಾವು ಎತ್ತಿಕೊಂಡಿರುವುದು ಬರಿಯ ವಿನೋದಕ್ಕಾಗಿ ಅಲ್ಲ. 2025ರ ಅಕ್ಟೋಬರ್ 14ರಂದು ಮಡಗಾಂವಿನಲ್ಲಿ ಭಾರತದ ತಂಡವು ಸಿಂಗಪುರಕ್ಕೆ 2-1ರಿಂದ ಸೋತು, 2027ರ ಏಷ್ಯಾ ಕಪ್ಪಿನ ಬಾಗಿಲನ್ನು ತನ್ನ ಕೈಯಿಂದಲೇ ಮುಚ್ಚಿಕೊಂಡ ಸಂಗತಿಯನ್ನು ನಮ್ಮ ವಾಚಕರು ಮರೆತಿರಲಾರರು. ಮೊದಲು ಗೋಲು ಹೊಡೆದವರು ನಮ್ಮವರೇ. ವಿರಾಮಕ್ಕೆ ಒಂದು ನಿಮಿಷ ಮುಂಚೆ ಒಂದು, ವಿರಾಮದ ತರುವಾಯ ಒಂದು, ಹೀಗೆ ಎರಡು ಗೋಲುಗಳನ್ನು ಬಿಟ್ಟುಕೊಟ್ಟವರೂ ನಮ್ಮವರೇ. ನೂರ ನಲವತ್ತು ಕೋಟಿ ಜನರ ದೇಶಕ್ಕೆ ಗೋಲಿನ ಮುಂದೆ ನಿಲ್ಲಿಸಲು ನಾಲ್ಕು ಜನ ನಿಬ್ಬರದ ಬ್ಯಾಕುಗಳು ಸಾಲುಸಾಲಾಗಿ ಏಕೆ ದೊರೆಯುವುದಿಲ್ಲವೆಂದು ವಿಚಾರಿಸುತ್ತ ಹೋದರೆ, ನಾವು ಎಳೆಯರನ್ನು ಕಾವಲಿಗೆ ನಿಲ್ಲಿಸಲು ಅಂಜುತ್ತೇವೆಂಬ ಉತ್ತರಕ್ಕೆ ಬಂದು ಮುಟ್ಟುತ್ತೇವೆ. ಆ ಅಂಜಿಕೆ ಎಷ್ಟರಮಟ್ಟಿಗೆ ಸಕಾರಣವಾದುದು ಎಂಬುದನ್ನು ಒಂದು ಪ್ರಸಿದ್ಧ ನಿದರ್ಶನದಿಂದ ಪರೀಕ್ಷಿಸೋಣ.

ಲಂಡನ್ನಿನ ಆರ್ಸೆನಲ್ ತಂಡವು 2005-06ರಲ್ಲಿ ಐರೋಪ್ಯ ಚಾಂಪಿಯನ್ನರ ಲೀಗಿನ ಗುಂಪು ಪಂದ್ಯಗಳನ್ನು ಸುಲಭವಾಗಿ ದಾಟಿತು. ಆದರೆ ಸೋತವರು ಹೊರಬೀಳುವ ಘಟ್ಟ ಬರುವಷ್ಟರಲ್ಲಿ ಅದರ ಹಿಂದಿನ ಸಾಲು ಹೇಳಹೆಸರಿಲ್ಲದಂತಾಗಿತ್ತು. ಎಡಗಡೆಯ ಆಶ್ಲಿ ಕೋಲ್, ಬಲಗಡೆಯ ಲೋರೆನ್, ಕೋಲನ ಬದಲಿಯಾದ ಕ್ಲಿಶಿ, ಮೂವರೂ ಗಾಯಗೊಂಡು ಕುಳಿತಿದ್ದರು. ನಡುವಿನ ಕಂಬದಂತಿದ್ದ ಸೋಲ್ ಕ್ಯಾಂಬೆಲ್ ಫೆಬ್ರವರಿ 1ರಂದು ಸ್ವದೇಶದ ಲೀಗು ಪಂದ್ಯವೊಂದರ ಅರ್ಧದಲ್ಲಿಯೇ ಬಯಲು ಬಿಟ್ಟು ಹೋದವನು ತರುವಾಯ ಬಹು ದಿನ ಆಡಲಿಲ್ಲ. ಆ ಪಂದ್ಯದಲ್ಲಿ ಆರ್ಸೆನಲ್ ತನ್ನ ಮನೆಯಂಗಳದಲ್ಲಿಯೇ ಮೂರು ಗೋಲು ತಿಂದು ಸೋತಿತ್ತು. ಇದಿರಾಳಿಯೋ, ಜಿದಾನ್, ರೊನಾಲ್ಡೊ, ಬೆಕ್‌ಹ್ಯಾಂ ಮೊದಲಾದ ಮಹಾರಥರನ್ನು ಕಲೆಹಾಕಿದ್ದ ರಿಯಲ್ ಮ್ಯಾಡ್ರಿಡ್!

ಫೆಬ್ರವರಿ 21ರ ರಾತ್ರಿ ಮ್ಯಾಡ್ರಿಡ್ಡಿನಲ್ಲಿ ತರಬೇತುಗಾರ ಆರ್ಸೆನ್ ವೆಂಗರ್ ಅವರು ಇಳಿಸಿದ ಹಿಂದಿನ ಸಾಲನ್ನು ನೋಡಿರಿ. ಬಲಗಡೆ ಇಮಾನುಯೆಲ್ ಎಬೂಯೆ, ವಯಸ್ಸು 22. ಹಿಂದಿನ ವರ್ಷವಷ್ಟೆ ತಂಡಕ್ಕೆ ಬಂದವನು. ನಡುವೆ ಕೋಲೋ ಟೂರೆ, ವಯಸ್ಸು 24. ಆ ನಾಲ್ವರಲ್ಲಿ ಹಿರಿಯನೆಂದರೆ ಅವನೇ. ಅವನ ಜೊತೆಗೆ ಫಿಲಿಪ್ ಸೆಂಡೆರೋಸ್, ವಯಸ್ಸು 21 ತುಂಬಿ ಒಂದು ವಾರ. ಎಡಗಡೆ ಮ್ಯಾಥ್ಯೂ ಫ್ಲಾಮಿನಿ, ಅವನಿಗೂ 21; ಅವನು ಬ್ಯಾಕ್ ಆಟಗಾರನೇ ಅಲ್ಲ, ನಡುಸಾಲಿನವನು, ಅದರಲ್ಲಿಯೂ ಬಲಗಾಲಿನವನು! ನಾಲ್ವರ ಸರಾಸರಿ ವಯಸ್ಸು 22. ಇವರ ಪೈಕಿ ಎಬೂಯೆ ಮತ್ತು ಟೂರೆ ತಮ್ಮ ಐವರಿ ಕೋಸ್ಟ್ ದೇಶದ ಪರವಾಗಿ ಆಫ್ರಿಕಾ ಕಪ್ಪಿನಲ್ಲಿ ಆಡಲು ಈಜಿಪ್ಟಿಗೆ ಹೋಗಿ, ಫೆಬ್ರವರಿ 10ರ ಫೈನಲಿನಲ್ಲಿ ಸೋಲುಂಡು ಬಂದು ಹನ್ನೊಂದು ದಿನಗಳಾಗಿದ್ದವು. ಆರ್ಸೆನಲಿನ ಅಭಿಮಾನಿಗಳಲ್ಲಿಯೂ ಬಹುಮಂದಿ ಅಂದು ಆಸೆ ಬಿಟ್ಟಿದ್ದರೆ ಅಚ್ಚರಿಯಲ್ಲ.

ನಡೆದುದೇನು? ಆ ರಾತ್ರಿ ಆನ್ರಿಯ ಒಂದು ಗೋಲಿನಿಂದ ಆರ್ಸೆನಲ್ ಗೆದ್ದಿತು. ಮನೆಯಂಗಳದ ಮರುಪಂದ್ಯದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಬಳಿಕ ಇಟಲಿಯ ಯುವೆಂಟಸ್ ಬಂದಿತು. ಅದನ್ನು ಲಂಡನ್ನಿನಲ್ಲಿ 2-0ರಿಂದ ಸೋಲಿಸಿ, ಟ್ಯೂರಿನ್ನಿನಲ್ಲಿ ಗೋಲಿಲ್ಲದೆ ತಡೆದು ನಿಲ್ಲಿಸಿದರು. ಸೆಮಿಫೈನಲಿನಲ್ಲಿ ಸ್ಪೇನಿನ ವಿಯಾರಿಯಲ್ ಬಂದಿತು. ಲಂಡನ್ನಿನಲ್ಲಿ ಟೂರೆಯೇ ಮುಂದೆ ಹೋಗಿ ಹೊಡೆದ ಒಂದು ಗೋಲು ಎರಡು ಪಂದ್ಯಗಳಿಗೂ ಸಾಕಾಯಿತು. ಮೂರು ಸುತ್ತು, ಆರು ಪಂದ್ಯ. ಬಿಟ್ಟುಕೊಟ್ಟ ಗೋಲು ಒಂದೂ ಇಲ್ಲ. ಗುಂಪಿನ ಹಂತದ ನಾಲ್ಕು ಪಂದ್ಯಗಳನ್ನೂ ಸೇರಿಸಿದರೆ ಒಂದರ ಮೇಲೊಂದರಂತೆ ಹತ್ತು ಪಂದ್ಯಗಳಲ್ಲಿ ಗೋಲು ಬೀಳಲಿಲ್ಲ. 2005ರ ಸೆಪ್ಟೆಂಬರಿನಲ್ಲಿ ಆಯಾಕ್ಸ್ ತಂಡ ಹೊಡೆದ ಗೋಲಿಗೂ 2006ರ ಮೇ 17ರಂದು ಫೈನಲಿನಲ್ಲಿ ಬಾರ್ಸೆಲೋನಾದ ಎಟೋ ಹೊಡೆದ ಗೋಲಿಗೂ ನಡುವೆ 995 ನಿಮಿಷಗಳ ಆಟ ನಡೆದಿತ್ತು. ಆ ಸ್ಪರ್ಧೆಯಲ್ಲಿ ಅದುವರೆಗೆ ಯಾವ ತಂಡವೂ ಇಷ್ಟು ಕಾಲ ಬಾಗಿಲನ್ನು ಮುಚ್ಚಿಟ್ಟಿರಲಿಲ್ಲ.

ಇದನ್ನು ಕೇಳಿ, ತಾರುಣ್ಯದ ಮುಂದೆ ಅನುಭವವೆಷ್ಟರದು ಎಂದು ತೀರ್ಮಾನಿಸಿಬಿಡುವುದು ಅವಿವೇಕವಾದೀತು. ಅದೇ ತಂಡವು ಅದೇ ವರ್ಷ ಇಂಗ್ಲೆಂಡಿನ ಲೀಗಿನಲ್ಲಿ ಹನ್ನೊಂದು ಪಂದ್ಯಗಳನ್ನು ಸೋತು ನಾಲ್ಕನೆಯ ಸ್ಥಾನಕ್ಕೆ ಇಳಿದಿತ್ತು. ಹಾಗಾದರೆ ಆ ಹುಡುಗರು ಐರೋಪ್ಯ ಪಂದ್ಯಗಳಲ್ಲಿ ನಿಂತದ್ದು ಹೇಗೆ? ನಾವು ನೋಡಿದಮಟ್ಟಿಗೆ ಅದಕ್ಕೆ ಮೂರು ಕಾರಣಗಳುಂಟು.

ಮೊದಲನೆಯದು, ಎಳೆಯರ ಹಿಂದೆಯೂ ಮುಂದೆಯೂ ಹಿರಿಯರಿದ್ದರು. ಹಿಂದೆ ಗೋಲಿನಲ್ಲಿ 36 ವರ್ಷದ ಜರ್ಮನ್ ಕೀಪರ್ ಯೆನ್ಸ್ ಲೇಮನ್. ಮುಂದೆ 29 ವರ್ಷದ ಬ್ರೆಜಿಲಿನ ಜಿಲ್ಬರ್ಟೋ ಸಿಲ್ವಾ. ಬ್ಯಾಕಿನ ಕೆಲಸದಲ್ಲಿ ಕಾಲಿಗಿಂತ ಕಣ್ಣೂ ಕಣ್ಣಿಗಿಂತ ಕಿವಿಯೂ ಮುಖ್ಯ. ಚೆಂಡನ್ನೇ ನೋಡುತ್ತ ನಿಂತವನಿಗೆ ಬೆನ್ನ ಹಿಂದೆ ನುಸುಳುವ ಫಾರ್ವರ್ಡು ಕಾಣಿಸುವುದಿಲ್ಲ. ಅದನ್ನು ಕಂಡು ಕೂಗಿ ಹೇಳುವವನು ಕೀಪರು. ನಾಲ್ವರೂ ಒಂದೇ ಹಗ್ಗಕ್ಕೆ ಕಟ್ಟಿದವರಂತೆ ಮುಂದಕ್ಕೂ ಹಿಂದಕ್ಕೂ ಸರಿಯಬೇಕು; ಒಬ್ಬನು ಒಂದು ಗಜ ಹಿಂದುಳಿದರೂ ಆಫ್‌ಸೈಡಿನ ಬಲೆ ಹರಿದುಹೋಗುತ್ತದೆ. ಎಳೆಯನು ತಪ್ಪುವುದು ಶಕ್ತಿ ಸಾಲದೆ ಅಲ್ಲ. ಯಾವಾಗ ಮೇಲೆ ಬೀಳಬೇಕು, ಯಾವಾಗ ತಡೆದು ನಿಲ್ಲಬೇಕು ಎಂಬ ತೀರ್ಮಾನದಲ್ಲಿ. ಆ ತೀರ್ಮಾನವನ್ನು ಹಿರಿಯನೊಬ್ಬನು ಕೂಗಿ ಹೇಳುವಂತಿದ್ದರೆ ಎಳೆಯನ ಕಾಲುಗಳು ಉಳಿದುದನ್ನು ನೋಡಿಕೊಳ್ಳುತ್ತವೆ.

ಎರಡನೆಯದು, ಇಡೀ ತಂಡವು ತನ್ನ ಆಟದ ರೀತಿಯನ್ನೇ ಬದಲಿಸಿಕೊಂಡಿತು. ಆನ್ರಿಯೊಬ್ಬನನ್ನು ಮುಂದೆ ಬಿಟ್ಟು ನಡುವೆ ಐವರನ್ನು ನಿಲ್ಲಿಸಿದರು. ಅಂಚಿನಲ್ಲಿ ಆಡುತ್ತಿದ್ದವರು ಚೆಂಡು ಕಳೆದೊಡನೆ ಹಿಂದಕ್ಕೆ ಓಡಿ ಬಂದು ತಮ್ಮ ತಮ್ಮ ಬ್ಯಾಕಿಗೆ ಜೊತೆಯಾದರು. ನಾಲ್ಕು ಜನರ ಕೋಟೆ ಒಂಬತ್ತು ಜನರ ಕೋಟೆಯಾಯಿತು. ರಕ್ಷಣೆಯೆಂದರೆ ಹಿಂದಿನವರ ಪಾಲಿನ ಊಳಿಗ, ಉಳಿದವರಿಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆಯನ್ನು ಬಿಟ್ಟ ದಿನವೇ ಎಳೆಯರ ಭಾರ ಅರ್ಧ ಇಳಿಯಿತು.

ಮೂರನೆಯದು, ಕಲಿಸುವವನೊಬ್ಬನು ಹತ್ತಿರವಿದ್ದನು. ಅದೇ ಕ್ಲಬ್ಬಿನ ಹಳೆಯ ಬ್ಯಾಕ್ ಮಾರ್ಟಿನ್ ಕಿಯೋನ್ ಅವರು ಆಟದಿಂದ ನಿವೃತ್ತರಾಗಿ ತರಬೇತಿಯ ವಿದ್ಯೆಯನ್ನು ಅಭ್ಯಾಸಮಾಡುತ್ತಿದ್ದ ಕಾಲವದು. ಅವರು ಈ ಹುಡುಗರ ಸಂಗಡ ಅಭ್ಯಾಸದ ಬಯಲಿನಲ್ಲಿ ನಿಂತು ಕೆಲಸ ಮಾಡಿದರು. ಕಾವಲಿನ ವಿದ್ಯೆಯು ಪುಸ್ತಕದಿಂದ ಬರತಕ್ಕದ್ದಲ್ಲ. ಕಾವಲಿದ್ದವನ ಬಾಯಿಂದ ಬರತಕ್ಕದ್ದು.

ನಮ್ಮ ಭಾರತದ ಕಥೆಯೇ ಈ ಮಾತಿಗೆ ಸಾಕ್ಷಿ. ಗೋಗ್ರಹಣದ ದಿನ ಕೌರವ ಸೇನೆಯನ್ನು ಕಂಡ ಉತ್ತರಕುಮಾರನು ರಥದಿಂದ ಧುಮುಕಿ ಓಡಿದನು. ಆದರೆ ಬೃಹನ್ನಳೆ ಬೆನ್ನಟ್ಟಿ ಹಿಡಿದು ತಂದು ಧೈರ್ಯ ಹೇಳಿದ ಮೇಲೆ ಅದೇ ಹುಡುಗನು ಕುದುರೆಗಳ ಕಡಿವಾಣ ಹಿಡಿದು ಭೀಷ್ಮ ದ್ರೋಣರ ನಡುವೆ ರಥ ನಡೆಸಿದನು. ಅಭಿಮನ್ಯುವಿನ ಶೌರ್ಯಕ್ಕೆ ಕೊರತೆಯೇನಿತ್ತು? ಅವನು ಮಡಿದುದು ಎಳೆಯನೆಂಬ ಕಾರಣದಿಂದಲ್ಲ. ಬೆನ್ನಿಗೆ ಬರುತ್ತೇವೆಂದ ಹಿರಿಯರು ವ್ಯೂಹದ ಬಾಗಿಲಲ್ಲಿ ಸೈಂಧವನಿಂದ ತಡೆಯಲ್ಪಟ್ಟರೆಂಬ ಕಾರಣದಿಂದ. ಎಳೆಯರನ್ನು ರಣಕ್ಕೆ ಕಳುಹುವುದು ತಪ್ಪಲ್ಲ; ಒಂಟಿಯಾಗಿ ಕಳುಹುವುದು ತಪ್ಪು.

ಅದೃಷ್ಟದ ಪಾಲನ್ನೂ ಮುಚ್ಚಿಡಬಾರದು. ವಿಯಾರಿಯಲಿನ ಮರುಪಂದ್ಯ ಮುಗಿಯುವ ವೇಳೆಗೆ, ಗಾಯಗೊಂಡ ಫ್ಲಾಮಿನಿಯ ಬದಲಿಗೆ ಇಳಿದಿದ್ದ ತರುಣ ಕ್ಲಿಶಿಯ ಮೇಲೆ ತಪ್ಪು ಹೊರಿಸಿ ರೆಫರಿಯು ಪೆನಾಲ್ಟಿ ಕೊಟ್ಟನು. ಚೆಂಡಿನ ಮುಂದೆ ನಿಂತವನು ರಿಕೆಲ್ಮೆ. ಲೇಮನ್ ಎಡಕ್ಕೆ ಬಿದ್ದು ಅದನ್ನು ತಡೆಯದೆ ಇದ್ದಿದ್ದರೆ ಪಂದ್ಯ ಅಧಿಕ ವೇಳೆಗೆ ಹೋಗುತ್ತಿತ್ತು. ನಾವು ಈ ಲೇಖನವನ್ನು ಬರೆಯುತ್ತಿದ್ದೆವೋ ಇಲ್ಲವೋ ತಿಳಿಯದು. ಎಳೆಯರ ರಕ್ಷಣೆಯೆಂದರೆ ಇಂಥ ಒಂದೆರಡು ಗಳಿಗೆಗಳು ಬಂದೇ ಬರುವುವು. ಹಿರಿಯನೊಬ್ಬನು ಗೋಲಿನಲ್ಲಿರಬೇಕೆಂದು ನಾವು ಹೇಳಿದ್ದು ಆ ಗಳಿಗೆಗಾಗಿಯೇ.

ಫೈನಲಿನಲ್ಲಿ ಆರ್ಸೆನಲ್ ಸೋತಿತಲ್ಲವೆ, ಎಂದು ಕೇಳುವವರುಂಟು. ಸೋತದ್ದು ನಿಜ. ಆದರೆ ಆ ದಿನ ಹಿಂದಿನ ಸಾಲಿಗೆ ಅನುಭವಿಗಳಾದ ಕ್ಯಾಂಬೆಲ್ ಮತ್ತು ಕೋಲ್ ಮರಳಿ ಬಂದಿದ್ದರು. ಆರ್ಸೆನಲಿನ ಏಕೈಕ ಗೋಲನ್ನು ಹೊಡೆದವನೂ ಕ್ಯಾಂಬೆಲನೇ. ಹದಿನೆಂಟನೆಯ ನಿಮಿಷದಲ್ಲಿ ಹೊರಕ್ಕೆ ಕಳುಹಿಸಲ್ಪಟ್ಟವನು ಹುಡುಗನಲ್ಲ, ಎಲ್ಲರಿಗೂ ಹಿರಿಯನಾದ ಲೇಮನ್! ಹತ್ತು ಜನರು ಒಂದು ಗಂಟೆಗೆ ಸಮೀಪ ತಡೆದು ನಿಂತು, ಕೊನೆಯ ಕಾಲು ಗಂಟೆಯಲ್ಲಿ ಎರಡು ಗೋಲು ಕೊಟ್ಟರು. ಅನುಭವವೂ ಎಡವುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ತೂಕದ್ದು. ಎರಡೇ ವರ್ಷಗಳ ತರುವಾಯ, 2008ರ ಏಪ್ರಿಲಿನಲ್ಲಿ, ಅದೇ ಟೂರೆ, ಅದೇ ಸೆಂಡೆರೋಸ್ ಇದ್ದ ರಕ್ಷಣೆಯು ಲಿವರ್‌ಪೂಲಿನಲ್ಲಿ ನಾಲ್ಕು ಗೋಲು ತಿಂದು ಹೊರಬಿದ್ದಿತು. ವಯಸ್ಸೂ ಅನುಭವವೂ ಹೆಚ್ಚಿದ್ದುವು, ಗೋಲುಗಳೂ ಹೆಚ್ಚಿದುವು! ಇದರಿಂದ ತಿಳಿಯತಕ್ಕದ್ದೇನು? ಒಂದು ವಸಂತದಲ್ಲಿ ಕಲಿತ ಶಿಸ್ತು ಆಸ್ತಿಪತ್ರದಂತೆ ಶಾಶ್ವತವಲ್ಲ. ಸುತ್ತಲಿನ ಏರ್ಪಾಡು ಸಡಿಲವಾದರೆ ಕಾವಲುಗಾರನೂ ಸಡಿಲನಾಗುವನು. ಕೋಟೆಯನ್ನು ಪ್ರತಿ ಮಳೆಗಾಲದ ತರುವಾಯವೂ ಗಾರೆ ಹಾಕಿ ಕಾಯ್ದುಕೊಳ್ಳಬೇಕು.

ನಮ್ಮ ದೇಶಾಭಿಮಾನಿಗಳು ಲಕ್ಷ್ಯಕೊಟ್ಟು ನೋಡತಕ್ಕ ಸಂಗತಿ ಮತ್ತೊಂದುಂಟು. ಟೂರೆ, ಎಬೂಯೆ ಇಬ್ಬರೂ ಬೆಳೆದುದು ಲಂಡನ್ನಿನಲ್ಲಲ್ಲ. ಐವರಿ ಕೋಸ್ಟಿನ ಆಬಿಜಾನ್ ನಗರದ ಆಸೆಕ್ ಕ್ಲಬ್ಬಿನ ತರಬೇತಿ ಶಾಲೆಯಲ್ಲಿ. ಫ್ರಾನ್ಸಿನ ಮಾಜಿ ಆಟಗಾರ ಜಾನ್-ಮಾರ್ಕ್ ಗೀಯು ಅವರು 1990ರ ದಶಕದಲ್ಲಿ ಅದನ್ನು ಕಟ್ಟಿದರು. ಆ ಕ್ಲಬ್ಬು 1998ರಲ್ಲಿ ಆಫ್ರಿಕಾದ ಚಾಂಪಿಯನ್ ಆದ ಮೇಲೆ ಹಿರಿಯ ಆಟಗಾರರು ಚದರಿಹೋದರು. 1999ರ ಫೆಬ್ರವರಿಯಲ್ಲಿ ಆಫ್ರಿಕಾದ ಸೂಪರ್ ಕಪ್ಪಿಗಾಗಿ ಟ್ಯುನೀಷಿಯದ ಎಸ್ಪೆರಾನ್ಸ್ ತಂಡವು ಇದಿರಾದಾಗ ಅವರು ಬಯಲಿಗೆ ಇಳಿಸಿದ್ದು ಆ ಶಾಲೆಯ ಹದಿಹರೆಯದ ಹುಡುಗರನ್ನು. ಅಧಿಕ ವೇಳೆಯಲ್ಲಿ ಹುಡುಗರು 3-1ರಿಂದ ಗೆದ್ದರು. ಆ ಪೀಳಿಗೆಯೇ ಮುಂದೆ ಐವರಿ ಕೋಸ್ಟನ್ನು 2006ರಲ್ಲಿ ಮೊಟ್ಟಮೊದಲ ಬಾರಿಗೆ ವಿಶ್ವ ಕಪ್ಪಿಗೆ ಕೊಂಡೊಯ್ದಿತು. ಜನಸಂಖ್ಯೆಯಲ್ಲಿ ನಮ್ಮ ಕರ್ನಾಟಕಕ್ಕಿಂತ ಎಷ್ಟೋ ಚಿಕ್ಕದಾದ, ಸಂಪತ್ತಿನಲ್ಲಿ ಬಡದಾದ ಒಂದು ರಾಷ್ಟ್ರವು ಒಂದು ಶಾಲೆಯ ಬಲದಿಂದ ಇಷ್ಟನ್ನು ಸಾಧಿಸಿತೆಂದ ಮೇಲೆ, ನಮಗೆ ನೆವ ಹೇಳಲು ಬಾಯಿ ಎಲ್ಲಿದೆ?

ನಮ್ಮಲ್ಲಿ ಇಂಥ ಪ್ರಯತ್ನವೇ ನಡೆಯಲಿಲ್ಲವೆನ್ನುವುದು ಅನ್ಯಾಯ. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವ ಕಪ್ಪು ನಮ್ಮ ದೇಶದಲ್ಲಿಯೇ ನಡೆದಾಗ ನಮ್ಮ ಹುಡುಗರು ಮೂರು ಪಂದ್ಯಗಳನ್ನೂ ಸೋತು ಒಂಬತ್ತು ಗೋಲು ಬಿಟ್ಟುಕೊಟ್ಟರು. ಅವರಲ್ಲಿ ಬಹುಮಂದಿಯನ್ನು ಸೇರಿಸಿ, ವಿದೇಶೀಯನೊಬ್ಬನೂ ಇಲ್ಲದ ಇಂಡಿಯನ್ ಆ್ಯರೋಸ್ ಎಂಬ ತಂಡ ಕಟ್ಟಿ 2017-18ರ ಐ-ಲೀಗಿನಲ್ಲಿ ಆಡಿಸಿದರು. ತಂಡ ಕಟ್ಟಕಡೆಯ ಸ್ಥಾನದಲ್ಲಿ ನಿಂತಿತು. ಆ ತಂಡದ ನಡುಬ್ಯಾಕಾಗಿದ್ದ ಅನ್ವರ್ ಅಲಿಯು 2023ರ ಜೂನಿನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಕುವೈತಿನ ಮೇಲೆ ಭಾರತದ ಪರವಾಗಿ ಆಡುತ್ತ, ಕೊನೆಯ ಗಳಿಗೆಯಲ್ಲಿ ಚೆಂಡನ್ನು ತನ್ನ ಗೋಲಿಗೇ ಹೊಡೆದುಕೊಂಡು ಕೈಯಲ್ಲಿದ್ದ ಗೆಲವನ್ನು ಕಳೆದನು. ನಾಲ್ಕು ದಿನ ಬಿಟ್ಟು, ಜುಲೈ 1ರಂದು, ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ಪಿನ ಸೆಮಿಫೈನಲು. ಹಿರಿಯ ಬ್ಯಾಕ್ ಸಂದೇಶ್ ಝಿಂಗನ್ ನಿಷೇಧಕ್ಕೆ ಒಳಗಾಗಿದ್ದರಿಂದ, ನಡುವಿನ ಭಾರವೆಲ್ಲ 22 ವರ್ಷದ ಅನ್ವರನ ಮೇಲೂ ಮೆಹ್ತಾಬ್ ಸಿಂಗನ ಮೇಲೂ ಬಿದ್ದಿತು. ಹಿಂದೆ ಅನುಭವಿ ಕೀಪರ್ ಗುರ್‌ಪ್ರೀತ್ ಸಿಂಗ್ ಇದ್ದರು. ಲೆಬನಾನ್ ತಂಡವು ನೂರ ಇಪ್ಪತ್ತು ನಿಮಿಷಗಳಲ್ಲಿ ಒಂದು ಗೋಲನ್ನೂ ಹೊಡೆಯಲಾರದೆ ಪೆನಾಲ್ಟಿಗಳಲ್ಲಿ 4-2ರಿಂದ ಸೋತಿತು. ಮೂರು ದಿನಗಳ ಬಳಿಕ ಕಪ್ಪು ನಮ್ಮದಾಯಿತು. ಕುವೈತಿನ ಪಂದ್ಯದ ಮರುದಿನ ಆ ಹುಡುಗನನ್ನು ಕೂರಿಸಿಬಿಟ್ಟಿದ್ದರೆ ಈ ಸೆಮಿಫೈನಲಿನ ಕಥೆ ಏನಾಗುತ್ತಿತ್ತು?

ಆದರೆ ಆ ಆ್ಯರೋಸ್ ತಂಡವನ್ನು 2022ರಲ್ಲಿ ಮುಚ್ಚಿಬಿಟ್ಟರು. ಕ್ಲಬ್ಬುಗಳು ಪ್ಲೇ-ಆಫ್ ಸಮೀಪಿಸಿದಂತೆ ನಡುಬ್ಯಾಕಿನ ಸ್ಥಳಕ್ಕೆ ಪರದೇಶದ ಅನುಭವಿಯನ್ನೇ ಅರಸುತ್ತವೆ. ಅವರನ್ನು ದೂರಿ ಫಲವಿಲ್ಲ. ಒಂದು ಸೋಲು ಬಂದರೆ ತರಬೇತುಗಾರನ ಕೆಲಸವೇ ಹೋಗುತ್ತದೆ. 2025ರ ಉತ್ತರಾರ್ಧದಲ್ಲಂತೂ ವ್ಯವಹಾರದ ಒಪ್ಪಂದದ ತಕರಾರಿನಿಂದ ಲೀಗು ಪ್ರಾರಂಭವಾಗದೆಯೇ ವರ್ಷ ಕಳೆಯಿತು. ಆಟವೇ ಇಲ್ಲದೆ ಅನುಭವ ಬರುವುದೆಲ್ಲಿಂದ? ನೀರಿಗಿಳಿಯದೆ ಈಜು ಕಲಿಯಬೇಕೆಂದು ಹುಡುಗರಿಗೆ ವಿಧಿಸಿ, ಹೊಳೆ ತುಂಬಿ ಬಂದಾಗ ಅವರು ಮುಳುಗಿದರೆಂದು ಮರುಗುವುದು ಯಾವ ನ್ಯಾಯ?

ರೋಗದ ಬೇರು ಇನ್ನೂ ಆಳದಲ್ಲಿದೆ. ನಮ್ಮ ಯಾವುದೇ ಪ್ರೌಢಶಾಲೆಯ ಬಯಲಿಗೆ ಹೋಗಿ ನೋಡಿರಿ. ಚುರುಕಾದ ಹುಡುಗರೆಲ್ಲ ಫಾರ್ವರ್ಡುಗಳು. ದಪ್ಪನೆಯವನು, ನಿಧಾನದವನು, ಯಾರಿಗೂ ಬೇಡವಾದವನು ಬ್ಯಾಕು! ಹನ್ನೆರಡನೆಯ ವಯಸ್ಸಿನಲ್ಲಿ ಅಪಮಾನವಾಗಿ ದೊರೆತ ಸ್ಥಳವನ್ನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ಗೌರವದಿಂದ ಕಾಯಬೇಕೆಂದು ನಾವು ಬಯಸುತ್ತೇವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಉಪಾಧ್ಯಾಯರು ತಮ್ಮ ಅತ್ಯಂತ ಬುದ್ಧಿವಂತ ಹುಡುಗನನ್ನು ಒಂದು ವರ್ಷವಾದರೂ ಹಿಂದಿನ ಸಾಲಿನಲ್ಲಿ ನಿಲ್ಲಿಸಲಿ. ನಮ್ಮ ಊರೂರುಗಳಲ್ಲಿ ಆಟ ಬಿಟ್ಟು ಕುಳಿತಿರುವ ಹಳೆಯ ಬ್ಯಾಕುಗಳನ್ನು ಸಂಘಗಳು ಸನ್ಮಾನದ ಶಾಲಿಗೆ ಮಾತ್ರ ಕರೆಯದೆ, ವಾರಕ್ಕೆರಡು ಸಂಜೆ ಹುಡುಗರ ನಡುವೆ ನಿಲ್ಲಲು ಕರೆಯಲಿ. ರಾಜ್ಯದ ಲೀಗು ನಡೆಸುವವರು, ಕಡೆಯ ಸುತ್ತುಗಳಲ್ಲಿ ಪ್ರತಿ ತಂಡವೂ ಒಬ್ಬ ಎಳೆಯ ಬ್ಯಾಕನ್ನು ಮೊದಲಿನಿಂದ ಆಡಿಸತಕ್ಕದ್ದೆಂಬ ನಿಬಂಧನೆಯನ್ನು ಆಲೋಚಿಸಲಿ. ಗೆದ್ದ ಪಂದ್ಯದ ಕೊನೆಯ ಐದು ನಿಮಿಷ ಇಳಿಸಿದರೆ ಅದು ಅನುಭವವಲ್ಲ. ನಗರಸಭೆಗಳ ಅಧಿಕಾರಿಗಳು ಮೈದಾನಗಳನ್ನು ವಸ್ತುಪ್ರದರ್ಶನಗಳಿಗೂ ಸಭೆಗಳಿಗೂ ಬಾಡಿಗೆಗೆ ಕೊಟ್ಟು ಗುಂಡಿ ತೋಡಿಸುವುದನ್ನು ನಿಲ್ಲಿಸಲಿ.

ಎಳೆಯ ರಕ್ಷಣೆಯುಳ್ಳ ತಂಡಕ್ಕೆ ಪ್ಲೇ-ಆಫಿನಲ್ಲಿ ಸಂಭವವೆಷ್ಟೆಂಬ ಮೊದಲಿನ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: ಹಿಂದೆ ಒಬ್ಬ ಹಿರಿಯನು, ಮುಂದೆ ಒಬ್ಬ ಹಿರಿಯನು, ಪಕ್ಕದಲ್ಲಿ ದುಡಿಯುವ ಜೊತೆಗಾರರು, ಬಯಲಿನ ಅಂಚಿನಲ್ಲಿ ತಪ್ಪನ್ನು ತಿದ್ದುವ ಗುರು, ಇಷ್ಟಿದ್ದರೆ ಸಂಭವವು ಉಳಿದ ಯಾವ ತಂಡಕ್ಕಿಂತಲೂ ಕಡಮೆಯಲ್ಲ. ಇವು ಇಲ್ಲದಿದ್ದರೆ ಮೂವತ್ತು ದಾಟಿದವರನ್ನು ನಿಲ್ಲಿಸಿದರೂ ಬಾಗಿಲು ತೆರೆದೇ ಇರುವುದು. ಮುಂದಿನ ಸಲ ಕಂಠೀರವದಲ್ಲಿ ಎಳೆಯ ಬ್ಯಾಕೊಬ್ಬನು ಎಡವಿದಾಗ, ಮೆಟ್ಟಿಲುಗಳ ಮೇಲೆ ಕುಳಿತ ನಾವು ಹಾಯ್ ಎಂದು ಕೂಗಿ ಅವನ ಹೆಸರನ್ನು ಹೀಗಳೆಯುವುದಕ್ಕೆ ಮುಂಚೆ, ಅವನ ಬೆನ್ನಿಗೆ ಯಾರನ್ನು ನಿಲ್ಲಿಸಿದ್ದೆವು ಎಂದು ನಮ್ಮನ್ನು ನಾವೇ ಒಮ್ಮೆ ಕೇಳಿಕೊಳ್ಳೋಣ.